ಹಿಂದಲೆಯ ಬಿಳಿ ಗೆರೆ: ಒಬ್ಬ ಕ್ಷೌರಿಕನ ಅನುಭವ

ಕೂದಲು ನಾಟಿ ಮಾಡಿಸಿಕೊಂಡವರು ನನ್ನ ಕುರ್ಚಿಯಲ್ಲಿ ಕುಳಿತ ಕೂಡಲೇ ಹಣೆಯ ಮೇಲೆ ಬಂದಿರುವ ಹೊಸ ಕೂದಲನ್ನು ತೋರಿಸುತ್ತಾರೆ. ನಾನು ನೋಡುವುದು ಹಿಂದಲೆಯನ್ನು. ಮುಂದೆ ನೆಟ್ಟ ಕೂದಲೆಲ್ಲ ಅಲ್ಲಿಂದ ತೆಗೆದದ್ದು, ಗುರುತು ಉಳಿಯುವುದೂ ಅಲ್ಲಿಯೇ. ಕೋಲಾರದಲ್ಲಿ ನಮ್ಮ ಸೆಲೂನ್ ತಂದೆಯವರ ಕಾಲದ್ದು. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಹುಡುಗರು ಬೆಂಗಳೂರಿಗೆ ಹೋಗಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರತೊಡಗಿದ ಮೇಲೆ, ಗುರುತು ಕಾಣದಂತೆ ಮಾಡುವುದು ನನ್ನ ಕಸುಬಿನ ದೊಡ್ಡ ಭಾಗವಾಯಿತು. ಅದಕ್ಕೆಂದೇ ತಲೆಯ ಚರ್ಮಕ್ಕೆ ಸೂಜಿಯಿಂದ ಬಣ್ಣದ ಚುಕ್ಕೆ ಇಡುವ ಮೈಕ್ರೋಪಿಗ್ಮೆಂಟೇಶನ್ ಕೆಲಸವನ್ನೂ ಕಲಿತೆ.

ಗುರುತುಗಳಲ್ಲಿ ಎರಡು ಬಗೆ. ಎಫ್‌ಯುಟಿ ವಿಧಾನದಲ್ಲಿ ಹಿಂದಲೆಯ ಚರ್ಮದ ಒಂದು ಪಟ್ಟಿಯನ್ನೇ ತೆಗೆದು ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಹೆಚ್ಚು ಕಡಿಮೆ ಕಿವಿಯಿಂದ ಕಿವಿಯವರೆಗೆ ಒಂದು ಗೆರೆ ನಿಲ್ಲುತ್ತದೆ. ಎಫ್‌ಯುಇ ವಿಧಾನದಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಕೊಳವೆಯಂಥ ಉಪಕರಣದಿಂದ ಬೇರುಗಳನ್ನು ಒಂದೊಂದಾಗಿ ಕೀಳುತ್ತಾರೆ. ಇದರಲ್ಲಿ ಗುರುತೇ ಉಳಿಯದು ಎಂದು ಹಲವರಿಗೆ ಹೇಳಿ ಕಳುಹಿಸಿರುತ್ತಾರೆ. ಅದು ನಿಜವಲ್ಲ. ಬಿಳಿ ಚುಕ್ಕೆಗಳು ಉಳಿಯುತ್ತವೆ, ಗಿಡ್ಡಕ್ಕೆ ಮೆಷಿನ್ ಹಾಕಿದ ದಿನ ಕಣ್ಣಿಗೆ ಬೀಳುತ್ತವೆ. ಒಂದೇ ಕಡೆಯಿಂದ ಅತಿಯಾಗಿ ಕಿತ್ತಿದ್ದರಂತೂ ಹಿಂದಲೆ ಅಲ್ಲಲ್ಲಿ ಮೊಳೆಯದೆ ಹೋದ ರಾಗಿ ಹೊಲದಂತೆ ಕಾಣುತ್ತದೆ.

ಗಾಯ ಮಾಗಿದ ಚರ್ಮದಲ್ಲಿ ಕೂದಲಿಲ್ಲ, ಬಣ್ಣವೂ ಕಡಿಮೆ. ಸುತ್ತಲೂ ಕಪ್ಪು, ನಡುವೆ ಬಿಳುಪು. ಕಣ್ಣಿಗೆ ತಾಗುವುದು ಈ ವ್ಯತ್ಯಾಸ. ಗುರುತನ್ನು ಪೂರ್ತಿ ಅಳಿಸಲು ಯಾರಿಂದಲೂ ಆಗುವುದಿಲ್ಲ, ವ್ಯತ್ಯಾಸವನ್ನು ತಗ್ಗಿಸಬಹುದು. ನನ್ನ ಕೆಲಸವೆಲ್ಲ ಇಷ್ಟರ ಸುತ್ತಲೇ ನಡೆಯುತ್ತದೆ.

ಮೊದಲು ಕತ್ತರಿ. ಬಹಳ ಜನಕ್ಕೆ ಇದೊಂದೇ ಸಾಕು. ಹಿಂದಲೆಯ ಕೂದಲು ಕೆಳಮುಖವಾಗಿ ಬೀಳುವುದರಿಂದ ಗೆರೆಯನ್ನು ಮುಚ್ಚುವುದು ಅದರ ಮೇಲಿರುವ ಕೂದಲು, ಕೆಳಗಿನದಲ್ಲ. ಬೆರಳಿನಿಂದ ಗೆರೆಯನ್ನು ಹುಡುಕಿಕೊಂಡು, ಅದರ ಮೇಲೆ ಎರಡು ಬೆರಳಗಲದ ಕೂದಲಿಗೆ ಮೆಷಿನ್ ತಾಗಿಸದೆ ಬಾಚಣಿಗೆ ಹಿಡಿದು ಕತ್ತರಿಯಲ್ಲೇ ಕೆಲಸ ಮಾಡುತ್ತೇನೆ. ಕುತ್ತಿಗೆಯ ಹತ್ತಿರ ಬೇಕಾದಷ್ಟು ಗಿಡ್ಡ ಮಾಡಬಹುದು, ಆದರೆ ಗಿಡ್ಡದಿಂದ ಉದ್ದಕ್ಕೆ ಏರುವ ಆ ಇಳಿಜಾರು ಗೆರೆಗಿಂತ ಕೆಳಗೇ ಮುಗಿಯಬೇಕು. ಹುಡುಗರು ಕೇಳುವ ಎತ್ತರದ ಫೇಡ್, ಅಂದರೆ ಹಿಂದಲೆಯ ಮೇಲಿನವರೆಗೂ ಗಿಡ್ಡ ಮಾಡುವ ಕಟಿಂಗ್, ಇವರಿಗೆ ಸಲ್ಲದು. ಮೆಷಿನ್‌ಗೆ ನಂಬರ್ ನಾಲ್ಕರ ಗಾರ್ಡ್ (ಕೂದಲಿನ ಉದ್ದ ನಿಗದಿ ಮಾಡುವ ಬಾಚಣಿಗೆ) ಹಾಕಿದರೆ ಸುಮಾರು 13 ಮಿಲಿಮೀಟರ್ ಕೂದಲು ಉಳಿಯುತ್ತದೆ. ತೆಳು ಗೆರೆ ಅಷ್ಟರಲ್ಲಿ ಮರೆಯಾಗುತ್ತದೆ. ಅಗಲವಾದ ಗೆರೆಗೆ ಇನ್ನೂ ಉದ್ದ ಬೇಕು. ಎಫ್‌ಯುಇ ಚುಕ್ಕೆಗಳಿಗೆ ಸಾಮಾನ್ಯವಾಗಿ ನಂಬರ್ ಎರಡು, ಅಂದರೆ 6 ಮಿಲಿಮೀಟರ್, ಸಾಕು.

ಎಣ್ಣೆಯ ವಿಷಯವನ್ನು ಯಾರೂ ಇವರಿಗೆ ಹೇಳಿರುವುದಿಲ್ಲ. ಕೊಬ್ಬರಿ ಎಣ್ಣೆ, ಜೆಲ್, ಬೆವರು ಯಾವುದಾದರೂ ಸರಿ, ಕೂದಲನ್ನು ಎಳೆ ಎಳೆಯಾಗಿ ಅಂಟಿಸಿ ನಡುವಿನ ಚರ್ಮವನ್ನು ತೆರೆದಿಡುತ್ತದೆ. ಹೆಲ್ಮೆಟ್ ತೆಗೆದ ಕೂಡಲೇ ಗೆರೆ ಕಾಣುವುದು ಇದರಿಂದಲೇ. ತಲೆ ಒರೆಸಿ ಒಣಗಿಸಿ, ಬೆರಳಾಡಿಸಿ ಕೂದಲು ಬಿಡಿಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ.

ಕತ್ತರಿಗೆ ನಿಲುಕದ ಸಂದರ್ಭವೆಂದರೆ ಮುಡಿ. ನಮ್ಮ ಜಿಲ್ಲೆಯಲ್ಲಿ ತಿರುಪತಿಗೆ ಹರಕೆ ಹೊರದ ಮನೆ ಸಿಗುವುದು ಕಷ್ಟ. ಮುಳಬಾಗಿಲು ಕಡೆಯ ಒಬ್ಬ ಹುಡುಗ ಮದುವೆಗೆ ಮುಂಚೆ ಬಂದು, “ಅಣ್ಣ, ಮುಡಿ ಕೊಟ್ಟರೆ ಹೆಣ್ಣಿನ ಮನೆಯವರಿಗೆಲ್ಲ ಗೊತ್ತಾಗುತ್ತದೆ” ಎಂದ. ಪೂರ್ತಿ ಬೋಳಿಸದೆ ಮೂರು ಕತ್ತರಿ ಕೂದಲು ಮಾತ್ರ ಕೊಟ್ಟು ಬಾ ಎಂದರೆ ಅವನ ತಾಯಿ ಒಪ್ಪಲಿಲ್ಲ. “ನೆಟ್ಟ ಕೂದಲು ಬೋಳಿಸಿದರೆ ಮತ್ತೆ ಬರುತ್ತದೆಯೇ?” ಎಂಬ ಭಯ ಬೇರೆ. ಬೇರು ಹಿಡಿದು ಬೆಳೆದ ಕೂದಲಿಗೆ ಕ್ಷೌರದಿಂದ ಏನೂ ಆಗದು ಎಂದು ಧೈರ್ಯ ಹೇಳಿ, ಚುಕ್ಕೆ ಇಡಲು ಒಪ್ಪಿಕೊಂಡೆ.

ಈ ಕೆಲಸಕ್ಕೆ ಆತುರ ಒಗ್ಗುವುದಿಲ್ಲ. ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಕಳೆದಿರಬೇಕು, ಗುರುತಿನ ಕೆಂಪು ಪೂರ್ತಿ ಇಳಿದಿರಬೇಕು. ಗುರುತಿನ ಚರ್ಮ ಬಣ್ಣವನ್ನು ಒಂದೇ ರೀತಿ ಹಿಡಿಯುವುದಿಲ್ಲ. ಒಂದು ಕಡೆ ಉಗುಳುತ್ತದೆ, ಇನ್ನೊಂದು ಕಡೆ ಹರಡಿಕೊಳ್ಳುತ್ತದೆ. ಆದ್ದರಿಂದ ಮೊದಲು ಗೆರೆಯ ಒಂದು ತುದಿಯಲ್ಲಿ ನಾಲ್ಕಾರು ಚುಕ್ಕೆ ಇಟ್ಟು ಕೆಲವು ವಾರ ಕಾಯುತ್ತೇನೆ. ಸೂಜಿ ಒಂದು ಮಿಲಿಮೀಟರಿಗಿಂತ ಆಳಕ್ಕೆ ಹೋಗಬಾರದು. ಆಳವಾದರೆ ಚುಕ್ಕೆ ಹರಡಿ ನೀಲಿಗೆ ತಿರುಗುತ್ತದೆ. ಮೊದಲ ಸರದಿಯಲ್ಲಿ ಬೇಕಾದ್ದಕ್ಕಿಂತ ತಿಳಿಯಾದ ಬಣ್ಣ, ಹತ್ತು ಹದಿನೈದು ದಿನ ಬಿಟ್ಟು ಎರಡನೆಯದು, ಆಮೇಲೆ ಮೂರನೆಯದು. ಗೆರೆಯ ಮೇಲೆ ಮಾತ್ರ ಸಾಲಾಗಿ ಇಟ್ಟರೆ ಬಿಳಿ ಗೆರೆಯ ಬದಲು ಕಪ್ಪು ಗೆರೆ ಬರುತ್ತದೆ. ಅಕ್ಕಪಕ್ಕದ ಕೂದಲಿನ ನಡುವೆಯೂ ವಿರಳವಾಗಿ ಹಂಚಿ, ಅಂಚು ಎಲ್ಲಿದೆ ಎಂದು ತಿಳಿಯದಂತೆ ಮಾಡಬೇಕು. ಪ್ರತಿಯೊಬ್ಬರಿಗೂ ಅವರೆದುರೇ ಪೊಟ್ಟಣ ಒಡೆದು ತೆಗೆದ ಹೊಸ ಸೂಜಿ. ಇದರಲ್ಲಿ ರಿಯಾಯಿತಿ ಇಲ್ಲ, ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ರಕ್ತದ ಮೂಲಕವೂ ಹರಡುತ್ತದೆ. ಮುಗಿದ ಮೇಲೆ ಮೂರು ನಾಲ್ಕು ದಿನ ತಲೆಗೆ ನೀರು, ಬೆವರು, ಎಣ್ಣೆ ಸೋಕಬಾರದು.

ಬಣ್ಣ ಶಾಶ್ವತವಲ್ಲ. ಕೆಲವು ವರ್ಷಗಳಲ್ಲಿ ಮಾಸುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ದಿನವಿಡೀ ನಿಲ್ಲುವವರಿಗೆ ಟೋಪಿ ಹಾಕಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ವಯಸ್ಸು ನಲವತ್ತು ದಾಟಿದವರಿಗೆ ಬೂದು ಛಾಯೆಯನ್ನೇ ಆರಿಸುತ್ತೇನೆ. ಕೂದಲು ನರೆತರೂ ಚುಕ್ಕೆ ನರೆಯುವುದಿಲ್ಲವಲ್ಲ.

ಗುರುತು ಉಬ್ಬಿದ್ದರೆ, ತುರಿಕೆ ಅಥವಾ ನೋವಿದ್ದರೆ ನಾನು ಸೂಜಿ ಮುಟ್ಟುವುದಿಲ್ಲ. ಅಂಥವರನ್ನು ಟಮಕದ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಕಳುಹಿಸುತ್ತೇನೆ. ಉಬ್ಬಿದ ಗುರುತನ್ನು ಇಳಿಸಲು ವೈದ್ಯರು ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಗೆರೆ ತುಂಬಾ ಅಗಲವಾಗಿದ್ದರೆ ಶಸ್ತ್ರವೈದ್ಯರು ಅದನ್ನು ಕತ್ತರಿಸಿ ಮತ್ತೆ ಹೊಲಿಯಬಹುದು, ಇಲ್ಲವೇ ಗಡ್ಡದ ಕೂದಲನ್ನು ತಂದು ಗೆರೆಯಲ್ಲೇ ನೆಡಬಹುದು. ರಕ್ತಸಂಚಾರ ಕಡಿಮೆಯಿರುವುದರಿಂದ ಅಲ್ಲಿ ನೆಟ್ಟದ್ದೆಲ್ಲ ಚಿಗುರುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಿ ಎನ್ನುತ್ತೇನೆ. ಸಕ್ಕರೆ ಕಾಯಿಲೆ ಇದ್ದವರನ್ನೂ, ರಕ್ತ ತೆಳುವಾಗುವ ಮಾತ್ರೆ ನುಂಗುವವರನ್ನೂ ವೈದ್ಯರ ಒಪ್ಪಿಗೆ ತರುವವರೆಗೆ ಕುರ್ಚಿಯಲ್ಲಿ ಕೂರಿಸುವುದಿಲ್ಲ.