ಚಿಲ್ಲರೆಯಲ್ಲೇ ಹುಡುಕಿದ ಎರಡು ಯೂರೋ ನಾಣ್ಯಗಳು

ಜರ್ಮನಿಯ ಸ್ಟುಟ್‌ಗಾರ್ಟ್‌ನ ಬೇಕರಿ, ವಾರದ ಸಂತೆಗಳಲ್ಲಿ ಜನ ಈಗಲೂ ನಗದು ಕೊಡುತ್ತಾರೆ. ನಾನೂ ಅಲ್ಲಿ ಕಾರ್ಡ್ ತೆಗೆಯುವುದಿಲ್ಲ, ನೋಟು ಕೊಡುತ್ತೇನೆ. ವಾಪಸ್ ಬರುವ ಚಿಲ್ಲರೆಯಲ್ಲಿ ಎರಡು ಯೂರೋದ ಸ್ಮರಣಾರ್ಥ ನಾಣ್ಯ ಸಿಗಬಹುದು ಅನ್ನುವ ಆಸೆ.

ಇವು ಶುರುವಾಗಿದ್ದು 2004ರಲ್ಲಿ. ಅಥೆನ್ಸ್ ಒಲಿಂಪಿಕ್ಸ್‌ಗಾಗಿ ಗ್ರೀಸ್ ಡಿಸ್ಕಸ್ ಎಸೆಯುವವನ ಚಿತ್ರ ಹಾಕಿತು. ಈಗ ಯೂರೋ ಬಳಸುವ ಪ್ರತಿ ದೇಶ ವರ್ಷಕ್ಕೆ ಎರಡು ತರಬಹುದು. ಬದಲಾಗುವುದು ಒಂದು ಮುಖ ಮಾತ್ರ. ಇನ್ನೊಂದು ಕಡೆ ಎಲ್ಲ ದೇಶಕ್ಕೂ ಅದೇ ದೊಡ್ಡ 2, ಅದೇ ಯುರೋಪಿನ ನಕ್ಷೆ. ತೂಕವೂ ಒಂದೇ, 8.5 ಗ್ರಾಂ. ಹಾಗಾಗಿ ಫಿನ್ಲೆಂಡಿನ ನಾಣ್ಯ ಪೋರ್ಚುಗಲ್ಲಿನಲ್ಲೂ ನಡೆಯುತ್ತದೆ. ನಮ್ಮ ಹತ್ತು ರೂಪಾಯಿ ನಾಣ್ಯದ ಪಾಡು ನೆನಪಿದೆ ಅಲ್ವಾ? ಅಂಗಡಿಗಳಲ್ಲಿ ಬೇಡ ಅನ್ನುತ್ತಿದ್ದರು. 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು 2018ರಲ್ಲಿ ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು.

ಮೊದಲು ಮಾಮೂಲಿ ಚಿತ್ರಗಳನ್ನು ಗುರುತು ಹಿಡಿಯಲು ಕಲಿತೆ. ಜರ್ಮನಿಯ ಹದ್ದು, ಇಟಲಿಯ ಡಾಂಟೆ, ಫ್ರಾನ್ಸಿನ ಮರ. ಇವು ಕಣ್ಣಿಗೆ ಕೂತರೆ ಬೇರೆ ಚಿತ್ರ ಬಂದ ಕೂಡಲೇ ಗೊತ್ತಾಗುತ್ತದೆ.

ಆಮೇಲೆ ಜರ್ಮನಿಯ ರಾಜ್ಯಗಳ ಸರಣಿ ಹಿಡಿದೆ. 2006ರಲ್ಲಿ ಲ್ಯೂಬೆಕ್‌ನ ಹೋಲ್ಸ್ಟನ್ ಬಾಗಿಲಿನಿಂದ ಶುರು. 2011ರದ್ದು ಕಲೋನ್ ಚರ್ಚು, 2013ರದ್ದು ಸ್ಟುಟ್‌ಗಾರ್ಟ್ ಇರುವ ರಾಜ್ಯದ ಮೌಲ್‌ಬ್ರೋನ್ ಮಠ. ಇದರ ಮಜಾ ಇರುವುದು ಒಂದು ಪುಟ್ಟ ಅಕ್ಷರದಲ್ಲಿ. ಜರ್ಮನಿಯಲ್ಲಿ ಐದು ಟಂಕಸಾಲೆಗಳಿವೆ. 'ಎ' ಅಂದರೆ ಬರ್ಲಿನ್, 'ಡಿ' ಮ್ಯೂನಿಕ್, 'ಎಫ್' ಸ್ಟುಟ್‌ಗಾರ್ಟ್, 'ಜಿ' ಕಾರ್ಲ್ಸ್‌ರೂಹೆ, 'ಜೆ' ಹ್ಯಾಂಬರ್ಗ್. ಅಂದರೆ ಒಂದೇ ಚಿತ್ರಕ್ಕೆ ಐದು ನಾಣ್ಯ ಹುಡುಕಬೇಕು. ಅಕ್ಷರ ಸವೆದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ. ಮೌಲ್‌ಬ್ರೋನ್ ಮಠ 'ಎಫ್' ಅಕ್ಷರದೊಂದಿಗೆ ಸಿಕ್ಕಿದಾಗ ಆದ ಖುಷಿ ದೊಡ್ಡದು. ಇದೇ ಊರಿನಲ್ಲಿ ಅಚ್ಚಾಗಿ, ಎಷ್ಟೋ ಕೈ ದಾಟಿ, ತರಕಾರಿ ಚಿಲ್ಲರೆಯಲ್ಲಿ ಬಂದಿತ್ತು.

ಚಿಲ್ಲರೆಯಲ್ಲಿ ಸಿಗುವುದು ನಿಧಾನವಾದಾಗ ಬ್ಯಾಂಕಿನಿಂದ ರೋಲ್ ತಂದೆ. ಒಂದರಲ್ಲಿ 25 ನಾಣ್ಯ, 50 ಯೂರೋ. ಬೇಕಾದ್ದನ್ನು ಆರಿಸಿ ಉಳಿದದ್ದನ್ನು ಖರ್ಚು ಮಾಡುತ್ತೇನೆ. ಕೆಲವು ಬ್ಯಾಂಕುಗಳು ಇದಕ್ಕೆ ಶುಲ್ಕ ಹಾಕುತ್ತವೆ, ಮೊದಲೇ ಕೇಳಿಕೊಳ್ಳಿ.

ಸಿಕ್ಕ ನಾಣ್ಯವನ್ನು ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಿತ್ತಾಳೆ ದೀಪಕ್ಕೆ ಅದು ಸರಿ. ನಾಣ್ಯದ ಮೂಲ ಮೈ ಹೋದರೆ ಮತ್ತೆ ಬರುವುದಿಲ್ಲ. ಅಂಚು ಹಿಡಿದು ಎತ್ತಿ, ಪ್ಲಾಸ್ಟಿಕ್ ಕ್ಯಾಪ್ಸೂಲ್‌ನಲ್ಲಿ ಇಟ್ಟರೆ ಸಾಕು.

ಪುಟ್ಟ ದೇಶ ಮೊನಾಕೊ 2007ರಲ್ಲಿ ತನ್ನ ರಾಜಕುಮಾರಿ ಗ್ರೇಸ್ ಕೆಲ್ಲಿಯ ನೆನಪಿಗೆ ತಂದ ನಾಣ್ಯ ಬರೀ 20,001 ಇವೆ, ಬೆಲೆಯೂ ವಿಪರೀತ. ಚೆಂದವಾಗಿದೆ, ಆದರೆ ನನಗೆ ಬೇಡ. ಚಲಾವಣೆಗೆ ಮಾಡಿದ್ದು ಚಲಾವಣೆಯಲ್ಲೇ ಕೈಗೆ ಬರಬೇಕು.

ನಾನು ಈಗ ಹುಡುಕುತ್ತಿರುವುದು 2008ರ ಹ್ಯಾಂಬರ್ಗ್ ಚರ್ಚಿನ ಚಿತ್ರದ ನಾಣ್ಯ, ಸ್ಟುಟ್‌ಗಾರ್ಟ್‌ನ 'ಎಫ್' ಅಕ್ಷರದ್ದು. ಅದರಲ್ಲಿ ಕೆಲವನ್ನು ಯುರೋಪಿನ ಹೊಸ ನಕ್ಷೆಯ ಬದಲು, ಅದಕ್ಕೂ ಮುಂಚೆ ಬಳಸುತ್ತಿದ್ದ ಹಳೆ ನಕ್ಷೆಯ ಅಚ್ಚಿನಲ್ಲಿ ಹೊಡೆದುಬಿಟ್ಟಿದ್ದಾರೆ. ಹಳೆಯದರಲ್ಲಿ ದೇಶಗಳ ನಡುವೆ ಗಡಿಗೆರೆ ಕಾಣುತ್ತದೆ, ಹೊಸದರಲ್ಲಿ ಗಡಿ ಇಲ್ಲದೆ ಇಡೀ ಯುರೋಪ್ ಒಂದೇ ಆಗಿರುತ್ತದೆ. ಹ್ಯಾಂಬರ್ಗ್ ಚರ್ಚು ಕಂಡರೆ ತಿರುಗಿಸಿ ನಕ್ಷೆಯನ್ನೂ ನೋಡಿ.