ಹುಬ್ಬಳ್ಳೀಲಿ ರೈಲು ಬದಲಾಯಿಸೋವಾಗ ಸಿಗೋ ಗ್ಯಾಪಲ್ಲಿ ನಾನು ಊಟ, ಅಂಗಡಿ ಹುಡುಕೋ ರೀತಿ

ನಮ್ಮನೆ ಮೈಸೂರಲ್ಲಿ, ಯಜಮಾನರ ಊರು ಬಾಗಲಕೋಟೆ ಕಡೆ. ನೇರ ರೈಲಲ್ಲಿ ಸೀಟು ಸಿಗದೇ ಇದ್ದಾಗ ಹುಬ್ಬಳ್ಳಿ ತನಕ ಒಂದು ಟಿಕೆಟ್, ಅಲ್ಲಿಂದ ಗದಗ ಮೇಲೆ ಹೋಗೋ ರೈಲಿಗೆ ಇನ್ನೊಂದು ಟಿಕೆಟ್ ಮಾಡಿಸ್ಕೊಂಡು ಹೋಗ್ತೀವಿ. ಮಧ್ಯ ಮೂರೋ ನಾಲ್ಕೋ ಗಂಟೆ ಸಿಗತ್ತೆ. ಬೆಂಗಳೂರು-ದಾವಣಗೆರೆ ಕಡೆ ಲೈನು, ಗದಗ-ಹೊಸಪೇಟೆ ಲೈನು, ಧಾರವಾಡದ ಮೇಲೆ ಗೋವಾಕ್ಕೂ ಬೆಳಗಾವಿಗೂ ಹೋಗೋ ಲೈನು ಎಲ್ಲಾ ಸೇರೋದು ಇಲ್ಲೇ ಆಗಿರೋದ್ರಿಂದ ಈ ಥರ ಕಾಯೋ ಜನ ಯಾವಾಗ ನೋಡಿದ್ರೂ ಇರ್ತಾರೆ, ಆದ್ರೆ ಸುಮಾರು ಜನ ಪ್ಲಾಟ್‌ಫಾರ್ಮಲ್ಲೇ ಕೂತು ಬಿಸ್ಕೆಟ್ ತಿಂದು ಟೈಮ್ ಕಳೀತಾರೆ, ಅದು ನೋಡಿದ್ರೆ ನಂಗೆ ನಿಜಕ್ಕೂ ಬೇಜಾರಾಗತ್ತೆ. ಉತ್ತರ ಕರ್ನಾಟಕದ ಊಟ ಅಷ್ಟು ಹತ್ತಿರದಲ್ಲಿ ಇಟ್ಕೊಂಡು ಯಾಕೆ ಹಸಿದು ಕೂರಬೇಕು.

ನಾನು ಮೊದಲು ನೋಡೋದು ಗಡಿಯಾರ. ಟಿಕೆಟ್ ಮೇಲಿರೋ ಗ್ಯಾಪ್ ಬೇರೆ, ಕೈಗೆ ಸಿಗೋ ಟೈಮ್ ಬೇರೆ. ಬರೋ ರೈಲು ಎಷ್ಟು ಲೇಟು ಅಂತ ಹಾವೇರಿ ದಾಟಿದ ಮೇಲೆ ಮೊಬೈಲಲ್ಲಿ ನೋಡ್ಕೊತೀನಿ, ವೇರ್ ಈಸ್ ಮೈ ಟ್ರೇನ್ ಆಪ್ ಇದ್ರೆ ಸಾಕು. ಆಮೇಲೆ ಮುಂದಿನ ರೈಲಿಗೆ 40 ನಿಮಿಷ ಮುಂಚೆ ಸ್ಟೇಷನ್ ಒಳಗಡೆ ಇರಬೇಕು ಅಂತ ಲೆಕ್ಕ ಹಾಕಿ ಉಳಿದದ್ದು ಮಾತ್ರ ನಮ್ಮದು. ಇನ್ನೊಂದು ವಿಷಯ ತುಂಬಾ ಜನ ಗಮನಿಸಲ್ಲ: ಮುಂದಿನ ರೈಲು ಹುಬ್ಬಳ್ಳಿಯಿಂದಲೇ ಹೊರಡೋದಾ, ಇಲ್ಲ ಎಲ್ಲಿಂದಲೋ ಬಂದು ಹೋಗೋದಾ ಅಂತ. ಇಲ್ಲಿಂದಲೇ ಹೊರಡೋದಾದ್ರೆ ಸಾಮಾನ್ಯವಾಗಿ ಮುಂಚೆನೇ ಪ್ಲಾಟ್‌ಫಾರ್ಮಿಗೆ ತಂದು ನಿಲ್ಲಿಸಿರ್ತಾರೆ, ಆರಾಮಾಗಿ ಹತ್ತಿ ಕೂರಬಹುದು. ಬಂದು ಹೋಗೋ ರೈಲಾದ್ರೆ ನಿಲ್ಲೋದೇ ಸ್ವಲ್ಪ ಹೊತ್ತು, ಅದಕ್ಕೆ ನಾನು ಇನ್ನೂ ಹತ್ತು ನಿಮಿಷ ಜಾಸ್ತಿ ಇಟ್ಕೊತೀನಿ.

ಕೈಯಲ್ಲಿ ಒಂದೂವರೆ ಗಂಟೆಗಿಂತ ಕಮ್ಮಿ ಉಳಿದ್ರೆ ನಾನು ದೂರ ಹೋಗಲ್ಲ, ಮುಖ್ಯ ಗೇಟಿನ ಎದುರು ರಸ್ತೇಲೇ ಏನಾದ್ರೂ ತಿಂದು ವಾಪಸ್.

ಲಗೇಜು ಹೊತ್ಕೊಂಡು ಊಟ ಹುಡುಕೋಕೆ ಆಗಲ್ಲ, ಮಕ್ಕಳಿದ್ರಂತೂ ಇಲ್ವೇ ಇಲ್ಲ. ಕ್ಲೋಕ್ ರೂಮಲ್ಲಿ ಇಟ್ಟುಬಿಡಿ. ಬ್ಯಾಗಿಗೆ ಬೀಗ ಇರಬೇಕು, ಬೀಗ ಇಲ್ಲದ ಬ್ಯಾಗ್ ತಗೊಳಲ್ಲ, ಜೊತೆಗೆ ರೈಲು ಟಿಕೆಟ್ ಮತ್ತೆ ಗುರುತಿನ ಚೀಟಿ ಕೇಳ್ತಾರೆ, ಹಾಗಾಗಿ ಮನೇಲೇ ಒಂದು ಸಣ್ಣ ಬೀಗ ಹಾಕ್ಕೊಂಡು ಹೊರಡೋದು ಒಳ್ಳೇದು. ಹಣ, ಮಾತ್ರೆ, ಚಾರ್ಜರ್, ನೀರಿನ ಬಾಟ್ಲಿ ಇಷ್ಟು ಕೈಚೀಲದಲ್ಲಿ.

ಈಗ ಎಲ್ಲಿ ತಿನ್ನೋದು ಅಂತ. ಮೊಬೈಲಲ್ಲಿ ಹುಡುಕಿದ್ರೆ ದೊಡ್ಡ ಬೋರ್ಡಿನ ಹೋಟೆಲ್ಗಳೇ ಮೇಲೆ ಬರತ್ತೆ, ಅಲ್ಲಿ ಸಿಗೋ ದೋಸೆ, ಫ್ರೈಡ್ ರೈಸು ಮೈಸೂರಲ್ಲೂ ಸಿಗತ್ತೆ. ನಾನು ಕೇಳೋದು ಆಟೋದವರನ್ನ, ಇಲ್ಲಾಂದ್ರೆ ಗೇಟಿನ ಹತ್ರ ಹೂವು ಹಣ್ಣು ಮಾರೋರನ್ನ. ಕೇಳೋ ರೀತಿ ಮುಖ್ಯ. "ಇಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ" ಅಂದ್ರೆ ನಮ್ಮ ಬಟ್ಟೆ, ಬ್ಯಾಗು ನೋಡಿ ಏಸಿ ಇರೋ ಕಡೆ ಕಳಿಸ್ತಾರೆ. "ಅಣ್ಣಾರ, ಮಧ್ಯಾಹ್ನ ನೀವು ಎಲ್ಲಿ ಊಟ ಮಾಡ್ತೀರಿ?" ಅಂತ ಕೇಳಿ. ಒಬ್ಬರು ಹೀಗೆ ಕೇಳಿದ ತಕ್ಷಣ ಮುಖ ಅರಳಿಸಿಕೊಂಡು "ನಾವಾ? ಅಲ್ಲೇ ಸಂದ್ಯಾಗ ಒಂದು ಖಾನಾವಳಿ ಐತ್ರಿ ಅಕ್ಕಾರ, ಬಿಸಿ ಬಿಸಿ ರೊಟ್ಟಿ ಬಡದ ಕೊಡ್ತಾರ, ಹೋಗ್ರಿ, ಹೊಟ್ಟಿ ತುಂಬ ಉಣ್ರಿ" ಅಂದ್ರು. ಅವರು ಹೇಳಿದ ಜಾಗದಲ್ಲಿ ಬೋರ್ಡು ಕೂಡ ಸರಿಯಾಗಿ ಕಾಣ್ತಿರ್ಲಿಲ್ಲ, ಹೊರಗಡೆ ಬಿಟ್ಟಿದ್ದ ಚಪ್ಪಲಿ ನೋಡೇ ಗೊತ್ತಾಗಿದ್ದು ಒಳಗೆ ಎಷ್ಟು ಜನ ಇದ್ದಾರೆ ಅಂತ.

ಖಾನಾವಳಿ ಊಟ ಮಾಡದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಕೂತ ತಕ್ಷಣ ತಟ್ಟೆಗೆ ಹಸಿ ಈರುಳ್ಳಿ, ಸೌತೆಕಾಯಿ, ಕೆಲವು ಕಡೆ ಮೆಂತ್ಯ ಸೊಪ್ಪು ಹಸಿಯಾಗೇ ಇಡ್ತಾರೆ, ಶೇಂಗಾ ಚಟ್ನಿಪುಡಿ ಇಲ್ಲ ಗುರೆಳ್ಳು (ನಮ್ಮ ಕಡೆ ಹುಚ್ಚೆಳ್ಳು) ಚಟ್ನಿಪುಡಿ ಹಾಕ್ತಾರೆ, ಅದರ ಮೇಲೆ ಮೊಸರೋ ಎಣ್ಣೆಯೋ ಕೇಳಿ ಹಾಕಿಸ್ಕೊಳ್ಳಿ. ಆಮೇಲೆ ಎಣ್ಣೆಗಾಯಿ ಬದನೇಕಾಯಿ, ಒಂದು ಕಾಳು ಪಲ್ಯ, ಇದ್ದ ದಿನ ಕಡಲೆಹಿಟ್ಟಿನ ಝುಣಕ. ಕಟಕ್ ರೊಟ್ಟಿ (ಒಣಗಿಸಿದ ಗರಿ ಗರಿ ರೊಟ್ಟಿ) ಬೇಕಾ ಬಿಸಿ ರೊಟ್ಟಿ ಬೇಕಾ ಅಂತ ಕೇಳ್ತಾರೆ, ಬಿಸಿ ರೊಟ್ಟಿ ಅನ್ನಿ. ಒಳಗೆ ಅಮ್ಮಂದಿರು ರೊಟ್ಟಿ ಬಡಿಯೋ ಸದ್ದು ಕೇಳ್ತಾ ಇರತ್ತೆ, ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ತಟ್ಟೆಗೆ ಬಂದು ಬೀಳತ್ತೆ. ಕೊನೇಲಿ ಅನ್ನ ಸಾರು ಮಜ್ಜಿಗೆ. ನಮ್ಮ ಕಡೆ ಜನ ರೊಟ್ಟೀನ ಸೈಡ್ ಐಟಂ ಥರ ಒಂದೇ ತಿಂದು ಅನ್ನಕ್ಕೆ ಕಾಯ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಇಲ್ಲಿ ರೊಟ್ಟಿನೇ ಊಟ. ಒಂದು ಗಂಟೆ ಸುಮಾರಿಗೆ ಹೋದ್ರೆ ಎಲ್ಲಾ ಪಲ್ಯ ಇರತ್ತೆ, ಮೂರು ದಾಟಿದ್ರೆ ಬಹಳ ಕಡೆ ಒಲೆ ಆರಿಸಿಬಿಟ್ಟಿರ್ತಾರೆ, ಆಗ ಹೋಗಿ ಬೇಜಾರು ಮಾಡ್ಕೊಳ್ಳೋ ಬದಲು ಸಂಜೆ ತಿಂಡಿ ಕಡೆ ಗಮನ ಕೊಡಿ.

ನಾನ್‌ವೆಜ್ ತಿನ್ನೋರಿಗೆ ಸಾವಜಿ ಹೋಟೆಲ್ಗಳಿವೆ, ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಅಡುಗೆ, ಹುಬ್ಬಳ್ಳಿ-ಗದಗ ಕಡೆ ಇದಕ್ಕೆ ದೊಡ್ಡ ಹೆಸರು. ಯಜಮಾನರಿಗೆ ಪ್ರಾಣ. ಮಟನ್ ರಸ ಕೆಂಪಗೆ, ಖಾರ ಜೋರು. ಮುಂದೆ ರಾತ್ರಿಯೆಲ್ಲಾ ರೈಲಲ್ಲಿ ಕೂರೋದಿದ್ರೆ ರೊಟ್ಟಿ ಜಾಸ್ತಿ ರಸ ಕಮ್ಮಿ ತಗೊಳಿ ಅಂತ ನಾನು ಅವರಿಗೆ ಪ್ರತಿ ಸಲ ಹೇಳ್ತೀನಿ.

ಬೆಳಗಿನ ಜಾವ ಇಳಿದ್ರೆ ಆಯ್ಕೆ ಕಮ್ಮಿ. ಟಿಕೆಟ್ ಇರೋರಿಗೆ ವೇಟಿಂಗ್ ಹಾಲ್ ಇದೆ, ಮುಖ ತೊಳ್ಕೊಂಡು ಹೊರಗಡೆ ಒಂದು ಚಾ, ಇಡ್ಲಿ, ಉಪ್ಪಿಟ್ಟು ಶಿರಾ ತಿಂದ್ರೆ ಆಯ್ತು. ಪೇಟೆ ಅಂಗಡಿ ತೆಗೆಯೋದು ನಿಧಾನ, ಬೆಳಿಗ್ಗೆ ಏಳಕ್ಕೆ ಹೋಗಿ ಪ್ರಯೋಜನ ಇಲ್ಲ.

ನನಗೆ ಅತೀ ಇಷ್ಟದ ಹೊತ್ತು ಸಂಜೆ. ಐದೂವರೆ ಆರರ ಹೊತ್ತಿಗೆ ಇಳಿದು ಒಂಬತ್ತೂವರೆಗೆ ಮುಂದಿನ ರೈಲು ಇದ್ರೆ ಆಟೋ ಹಿಡಿದು ಸೀದಾ ದುರ್ಗದಬೈಲು ಪೇಟೆಗೆ. ಸ್ಟೇಷನ್ನಿಂದ ದೂರ ಏನಿಲ್ಲ, ಒಂದೂವರೆ ಕಿಲೋಮೀಟರ್ ಆಸುಪಾಸು, ಕೈ ಹಗುರ ಇದ್ರೆ ನಡೆದೂ ಹೋಗಬಹುದು. ಸುತ್ತ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಬಳೆ, ತರಕಾರಿ, ಸಂಜೆ ಆಗ್ತಿದ್ದ ಹಾಗೆ ತಿಂಡಿ ಗಾಡಿಗಳು ಸಾಲಾಗಿ. ಮೊದಲು ಗಿರ್ಮಿಟ್. ಈರುಳ್ಳಿ, ಹಸಿಮೆಣಸು, ಹುಣಸೆಹುಳಿ, ಬೆಲ್ಲ ಹಾಕಿ ಮಾಡಿಟ್ಟ ಗೊಜ್ಜನ್ನ ಚುರುಮುರಿಗೆ (ಮಂಡಕ್ಕಿಗೆ) ಕಲಸಿ, ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಮೇಲೆ ಹಸಿ ಈರುಳ್ಳಿ, ಟೊಮೇಟೊ, ಕೊತ್ತಂಬರಿ, ಸೇವು. ಕಲಸಿದ ಕೂಡಲೇ ತಿನ್ನಬೇಕು, ಪಾರ್ಸಲ್ ಕಟ್ಟಿಸಿ ರೈಲಲ್ಲಿ ತಿಂತೀನಿ ಅಂದ್ರೆ ಅದು ಮೆತ್ತಗಾಗಿ ಹಾಳು. ಜೊತೆಗೆ ಮಿರ್ಚಿ ಬಜ್ಜಿ, ಎಣ್ಣೆಯಿಂದ ಈಗ ತೆಗೆದದ್ದೇ ಕೇಳಿ. ನಾನು ಗಾಡಿ ಆರಿಸೋದು ಜನ ನೋಡಿ, ಅದರಲ್ಲೂ ಮನೆ ಹೆಣ್ಮಕ್ಕಳು, ಅಜ್ಜಿಯರು ನಿಂತಿರೋ ಗಾಡಿ, ಅವರು ಎಣ್ಣೆ ಹಳೇದಾದ್ರೆ ಆ ಕಡೆ ತಲೆನೂ ಹಾಕಲ್ಲ. ನೀರು ಮಾತ್ರ ನನ್ನ ಬಾಟ್ಲಿದೇ ಕುಡಿಯೋದು.

ಇನ್ನು ನಾಲ್ಕೈದು ಗಂಟೆ ಪೂರ್ತಿ ಕೈಯಲ್ಲಿದ್ರೆ, ಹಗಲು ಹೊತ್ತಾದ್ರೆ, ಧಾರವಾಡಕ್ಕೇ ಹೋಗಿಬರಬಹುದು. ಸುಮಾರು 20 ಕಿಲೋಮೀಟರ್, ಹುಬ್ಬಳ್ಳಿ-ಧಾರವಾಡ ಮಧ್ಯ ಓಡೋ ಬಿಆರ್‌ಟಿಎಸ್‌ನ ಚಿಗರಿ ಬಸ್ಸು ತನ್ನದೇ ಬೇರೆ ದಾರೀಲಿ ಹೋಗೋದ್ರಿಂದ ಟ್ರಾಫಿಕ್ ಕಾಟ ಕಮ್ಮಿ. ಲೈನ್ ಬಜಾರಲ್ಲಿ ಠಾಕೂರ್ ಪೇಡಾ ಅಂಗಡಿ ಇದೆ, ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ 19ನೇ ಶತಮಾನದಲ್ಲಿ ಬಂದ ಕುಟುಂಬದ್ದು, ಧಾರವಾಡ ಪೇಡಾಕ್ಕೆ ಜಿಐ ಟ್ಯಾಗ್ (ಆ ಊರಿನದ್ದೇ ಅನ್ನೋ ಅಧಿಕೃತ ಗುರುತು) ಕೂಡ ಇದೆ. ಕ್ಯೂ ನಿಲ್ಲೋ ಟೈಮೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಅಷ್ಟು ಹೊತ್ತಿಲ್ಲಾಂದ್ರೆ ಮಿಶ್ರಾ ಪೇಡಾ ಹುಬ್ಬಳ್ಳೀಲೇ ಸಿಗತ್ತೆ, ಮನೇಲಿ ಮಕ್ಕಳು ಅದನ್ನೇ ಕೇಳ್ತಾರೆ. ಬೆಳಗಾವಿ, ಗೋವಾ ಕಡೆ ಹೋಗೋರಿಗೆ ಇನ್ನೊಂದು ಅನುಕೂಲ, ಅವರ ರೈಲು ಧಾರವಾಡದಲ್ಲೂ ನಿಲ್ಲೋದಾದ್ರೆ ವಾಪಸ್ ಬರೋ ಬದಲು ಅಲ್ಲೇ ಹತ್ತಬಹುದು, ಆದ್ರೆ ಬೋರ್ಡಿಂಗ್ ಸ್ಟೇಷನ್ ಧಾರವಾಡ ಅಂತ ಮುಂಚೆನೇ ಬದಲಾಯಿಸಿರಬೇಕು, ಇಲ್ಲಾಂದ್ರೆ ಹುಬ್ಬಳ್ಳೀಲಿ ನೀವು ಕಾಣದೇ ಇದ್ದಾಗ ಟಿಸಿ ನಿಮ್ಮ ಸೀಟನ್ನ ಬೇರೆಯವರಿಗೆ ಕೊಡಬಹುದು. ನಮ್ಮ ಥರ ಗದಗ ಕಡೆ ಹೋಗೋರು ಹುಬ್ಬಳ್ಳಿಗೆ ವಾಪಸ್ ಬರಲೇಬೇಕು.

ಮಕ್ಕಳು ಜೊತೆಗಿದ್ದು ಪೇಟೆ ಸುತ್ತೋಕೆ ಆಗಲ್ಲ ಅನ್ನೋರಿಗೆ ಗದಗ ರಸ್ತೆ ಕಡೆ ರೈಲ್ವೆ ಮ್ಯೂಸಿಯಂ ಇದೆ, 2020ರಲ್ಲಿ ಶುರುವಾದದ್ದು, ಹಳೇ ಇಂಜಿನ್, ಬೋಗಿ ನೋಡ್ತಾ ಒಂದು ಗಂಟೆ ಹೋಗೋದೇ ಗೊತ್ತಾಗಲ್ಲ.

ವಾಪಸ್ ಬರೋವಾಗ ಪ್ಲಾಟ್‌ಫಾರ್ಮ್ ನಂಬರ್ ಮೊದಲು ನೋಡಿ, ಆಮೇಲೆ ಕಾಫಿ. ಇಲ್ಲಿ ಇದು ಸುಮ್ನೆ ಮಾತಲ್ಲ, 8ನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, 2023ರ ಮಾರ್ಚಲ್ಲಿ ಉದ್ಘಾಟನೆ ಆದಾಗ ಗೋರಖ್‌ಪುರದ್ದನ್ನ ಹಿಂದೆ ಹಾಕಿ ಪ್ರಪಂಚದಲ್ಲೇ ಉದ್ದದ್ದು ಅನ್ನಿಸ್ಕೊಂಡಿದ್ದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ್ರೆ 20 ನಿಮಿಷ ಬೇಕು, ವಯಸ್ಸಾದವರು, ಬ್ಯಾಗು, ಮಗು ಇದ್ರೆ ಇನ್ನೂ ಜಾಸ್ತಿ. ನಮ್ಮ ಬೋಗಿ ಎಲ್ಲಿ ನಿಲ್ಲತ್ತೆ ಅಂತ ಡಿಸ್‌ಪ್ಲೇ ನೋಡಿ ಅಲ್ಲೇ ಹೋಗಿ ನಿಂತ್ಕೊಳ್ಳೋದು ಉತ್ತಮ.

ರಾತ್ರಿ ಊಟಕ್ಕೆ ನಾನು ಪೇಟೆಯಿಂದಲೇ ಕಟಕ್ ರೊಟ್ಟಿ ಪ್ಯಾಕೆಟ್ಟು, ಶೇಂಗಾ ಚಟ್ನಿಪುಡಿ, ನಾಲ್ಕು ಶೇಂಗಾ ಹೋಳಿಗೆ ತಗೊಂಡಿರ್ತೀನಿ, ಯಾವುದೂ ಬೇಗ ಕೆಡಲ್ಲ. ಮೊಸರು ಒಂದು ಸಣ್ಣ ಕಪ್ಪು ಸ್ಟೇಷನ್ ಹತ್ರ ಕೊನೇಲಿ. ಅದೂ ಆಗಲಿಲ್ಲ ಅಂದ್ರೆ ಐಆರ್‌ಸಿಟಿಸಿ ಇ-ಕೇಟರಿಂಗಲ್ಲಿ ಪಿಎನ್‌ಆರ್ ಹಾಕಿ ಮುಂದಿನ ಯಾವುದಾದ್ರೂ ದೊಡ್ಡ ಸ್ಟೇಷನ್ನಿಗೆ ಸೀಟಿಗೇ ತರಿಸ್ಕೋಬಹುದು, ಸ್ವಲ್ಪ ಮುಂಚಿತವಾಗಿ ಆರ್ಡರ್ ಹಾಕಬೇಕು ಅಷ್ಟೆ. ರೊಟ್ಟಿ ಪ್ಯಾಕೆಟ್ ಮಾತ್ರ ಬ್ಯಾಗಿನ ಕೆಳಗೆ ತುರುಕಬೇಡಿ, ಕೈಯಲ್ಲೇ ಹಿಡ್ಕೊಂಡು ಹತ್ತಿ, ಇಲ್ಲಾಂದ್ರೆ ಪುಡಿಯಾಗಿಬಿಡತ್ತೆ.