ಕೀಮೋ ಪಡೆದ ತಾಯಿಯ ಕೂಸು ನನ್ನ ಕೈಗೆ ಬಂದಾಗ

ನಾನು ಎಳೆಗೂಸುಗಳ ಡಾಕ್ಟರು. ಬಸಿರಿನಲ್ಲೇ ಕೀಮೋ ತೆಗೆದುಕೊಳ್ಳುತ್ತಿದ್ದ ತಾಯಿಯ ಬಗ್ಗೆ ಮೊದಲ ಸಲ ಫೋನ್ ಬಂದಾಗ, '34 ವಾರಕ್ಕೇ ಹೆರಿಗೆ ಮಾಡಿಸಿಬಿಡೋಣ' ಅಂದುಬಿಟ್ಟೆ. ಒಳಗೆ ಔಷಧಿ, ಹೊರಗೆ ಕ್ಷೇಮ ಅನ್ನೋದು ನನ್ನ ಲೆಕ್ಕ. ತಪ್ಪು ಲೆಕ್ಕ.

ಆಕೆಗೆ ಸ್ತನ ಕ್ಯಾನ್ಸರ್. ಗೊತ್ತಾದಾಗ ಮಗುವಿನ ಅಂಗಾಂಗ ಮೂಡುವ ಮೊದಲ ಮೂರು ತಿಂಗಳು ಕಳೆದಿತ್ತು. ಹಾಗಾಗಿ ಡಾಕ್ಸೊರೂಬಿಸಿನ್, ಸೈಕ್ಲೋಫಾಸ್ಫಮೈಡ್ ಅನ್ನೋ ಕೀಮೋ ಔಷಧಿಗಳನ್ನು ಶುರು ಮಾಡಿದ್ದರು. ಕ್ಯಾನ್ಸರ್ ಡಾಕ್ಟರು ನನ್ನ ಮುಂದೆ ಬೆಲ್ಜಿಯಂನ ಕ್ಯಾನ್ಸರ್ ವೈದ್ಯ ಅಮಾಂಟ್ ಅವರ ತಂಡದ 2015ರ ಅಧ್ಯಯನ ಇಟ್ಟರು. ಬಸಿರಿನಲ್ಲಿ ಕ್ಯಾನ್ಸರ್ ಬಂದಿದ್ದ ತಾಯಂದಿರ 129 ಮಕ್ಕಳನ್ನು ಬೇರೆ ಮಕ್ಕಳ ಜೊತೆ ಹೋಲಿಸಿದ್ದರು. ಬುದ್ಧಿಯ ಬೆಳವಣಿಗೆಯಲ್ಲಿ ಎರಡೂ ಗುಂಪು ಸರಿಸಮ. ಹಿಂದೆ ಬೀಳುತ್ತಿದ್ದದ್ದು ದಿನ ತುಂಬದೆ ಹುಟ್ಟಿದವರು, ಅದೂ ಎರಡೂ ಗುಂಪಿನಲ್ಲಿ! ಅಂದರೆ ನಾನು ಕಾಪಾಡಲು ಹೊರಟು ಕೊಡುತ್ತಿದ್ದದ್ದೇ ಆ ತೊಂದರೆ ಅಲ್ವಾ?

ಕ್ಯಾಲೆಂಡರ್ ಹಿಡಿದು ಕೂತೆವು. ಕೊನೆಯ ಡೋಸ್ 33ನೇ ವಾರಕ್ಕೆ, ಹೆರಿಗೆ 37 ದಾಟಿದ ಮೇಲೆ. ನಡುವೆ ಕನಿಷ್ಠ ಮೂರು ವಾರ ಬೇಕೇ ಬೇಕು. ಡೋಸ್ ಬಿದ್ದ ಒಂದೆರಡು ವಾರಕ್ಕೆ ಬಿಳಿ ರಕ್ತಕಣ ತಳ ಮುಟ್ಟುತ್ತವೆ. ಆಗ ಹೆರಿಗೆಯಾದರೆ ತಾಯಿಗೂ ಕೂಸಿಗೂ ಸೋಂಕಿನ ಭಯ. ಮೇಲಾಗಿ ಒಳಗಿರುವಾಗ ಮಗುವಿನ ಮೈಯ ಔಷಧಿಯನ್ನು ಮಾಸಿನ (ಪ್ಲಾಸೆಂಟಾ) ಮೂಲಕ ತಾಯಿಯ ದೇಹವೇ ಹೊರಹಾಕುತ್ತದೆ. ಹುಟ್ಟಿದ ಮೇಲೆ ಆ ಎಳೆಯ ಲಿವರ್, ಕಿಡ್ನಿಯೇ ಹೆಣಗಬೇಕು.

ಹುಡುಗಿ ಹುಟ್ಟಿದಳು, 2.1 ಕೆಜಿ. ವಾರಕ್ಕೆ ಹೋಲಿಸಿದರೆ ಸಣ್ಣವಳೇ. ಕೀಮೋ ಪಡೆದವರ ಕೂಸುಗಳಲ್ಲಿ ಇದು ಜಾಸ್ತಿ. ಸಣ್ಣ ಕೂಸಿಗೆ ಸಕ್ಕರೆ ಇಳಿಯುವ ಭಯ, ಅದಕ್ಕೇ ರಕ್ತದ ಸಕ್ಕರೆ ಮತ್ತೆ ಮತ್ತೆ ನೋಡಿದೆವು. ರಕ್ತಕಣಗಳ ಎಣಿಕೆ ಚೆನ್ನಾಗಿತ್ತು. ಡಾಕ್ಸೊರೂಬಿಸಿನ್ ಹೃದಯಕ್ಕೆ ಕಾಟ ಕೊಡುವ ಔಷಧಿ, ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದೆ. ಸರಿಯಾಗೇ ಇತ್ತು. ಮಾಸನ್ನೂ ಲ್ಯಾಬಿಗೆ ಕಳಿಸಿದೆವು. ಕ್ಯಾನ್ಸರ್ ಅಲ್ಲಿಗೆ ಹರಡುವುದು ತೀರಾ ಅಪರೂಪ, ಆದರೂ ನೋಡದೆ ಬಿಡುವ ಹಾಗಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದನ್ನು ಮರೆತಿದ್ದೆ. ಬಾಣಂತನದಲ್ಲೇ ಕೀಮೋ ಮತ್ತೆ ಶುರುವಾಗುವುದಿತ್ತು. ಕೀಮೋ ನಡೆಯುವಾಗ ಎದೆಹಾಲು ಕೊಡುವಂತಿಲ್ಲ. ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ, ನಾನೂ. ಮಗುವನ್ನು ಎದೆಗೆ ಹಿಡಿದು ಕೂತಿದ್ದವಳಿಗೆ ಹಾಸಿಗೆ ಪಕ್ಕ ನಿಂತು ಹೇಳಬೇಕಾಯಿತು. ಆಕೆ ಬೈಯಲಿಲ್ಲ. 'ಮೊದಲೇ ಹೇಳಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ' ಅಂದಳು ಅಷ್ಟೇ. ಆಮೇಲೆ ಬಂದ ಇಂಥ ತಾಯಂದಿರಿಗೆಲ್ಲ ಹಾಲಿನ ವಿಷಯವನ್ನು 30ನೇ ವಾರಕ್ಕೇ ಕೂರಿಸಿ ಹೇಳುತ್ತಿದ್ದೇನೆ.